ಬಾಗಿಲು ತೆರೆದಾಗ ಮಾತ್ರ ಏರುವ ಗಾಜು

ಕಾರಿಗೆ ಇಪ್ಪತ್ತು ವರ್ಷ ದಾಟಿದೆ. ಒಂದು ಕಾಲದಲ್ಲಿ ದೊಡ್ಡವರು ಓಡಾಡುತ್ತಿದ್ದ ಸೆಡಾನ್. ಚರ್ಮದ ಸೀಟು, ಮರದ ಪಟ್ಟಿ, ಎರಡು ಪದರದ ದಪ್ಪ ಗಾಜು, ಹಿಂದಿನ ಬಾಗಿಲಲ್ಲೂ ಏರ್‌ಬ್ಯಾಗ್. ಎಂಜಿನ್ ಈಗಲೂ ಸದ್ದಿಲ್ಲದೆ ಓಡುತ್ತದೆ. ಕೈಕೊಟ್ಟದ್ದು ಕಿಟಕಿಗಳು. ನಾಲ್ಕರಲ್ಲಿ ಮೂರು.

ಡ್ರೈವರ್ ಕಿಟಕಿ ಒಮ್ಮೆ ಓಡುತ್ತದೆ, ಒಮ್ಮೆ ಇಲ್ಲ. ಓಡದಿದ್ದಾಗ ಮೋಟಾರಿನಿಂದ ಉಸಿರೂ ಇಲ್ಲ. ಅದರ ಹಿಂದಿನ ಕಿಟಕಿ ಕೆಲವು ದಿನ ಕಟಕಟ ಅಂದು, ಒಂದು ಸಂಜೆ ಧಡ್ ಅಂತ ಗಾಜನ್ನು ಬಾಗಿಲೊಳಗೆ ಬೀಳಿಸಿಕೊಂಡಿತು. ಮುಂದಿನ ಪ್ಯಾಸೆಂಜರ್ ಕಿಟಕಿ ಮೇಲೆ ಹೋಗಿ, ಇನ್ನೇನು ಮುಚ್ಚಿತು ಅನ್ನುವಾಗ ತಾನೇ ವಾಪಸ್ ಇಳಿಯುತ್ತದೆ. ಮೂರಕ್ಕೂ ಒಂದೇ ಕಾರಣ ಇರಬೇಕು ಅಂತ ಮೊದಲು ಅಂದುಕೊಂಡಿದ್ದೆ. ಮೂರಕ್ಕೂ ಬೇರೆ ಬೇರೆ ಕಾರಣ ಇತ್ತು.

ಬಳಸಿದ ಸಾಮಾನು: ಟಿ20, ಟಿ25, ಟಿ30 ಟಾರ್ಕ್ಸ್ (ನಕ್ಷತ್ರದ ಆಕಾರದ ತುದಿಯ) ಬಿಟ್‌ಗಳು, 10 ಮಿ.ಮೀ. ಸಾಕೆಟ್, ಪ್ಯಾನೆಲ್ ಎಬ್ಬಿಸುವ ಪ್ಲಾಸ್ಟಿಕ್ ಕಡ್ಡಿಗಳು, ವೋಲ್ಟೇಜ್ ಅಳೆಯುವ ಮಲ್ಟಿಮೀಟರ್, ಬಟ್ಟೆ ಟೇಪ್, ಕ್ರಿಂಪರ್ (ವೈರ್ ಜೋಡಣೆಯನ್ನು ಒತ್ತಿ ಬಿಗಿಯುವ ಇಕ್ಕಳ), ಡ್ರಿಲ್. ಇವೆಲ್ಲಕ್ಕಿಂತ ಜಾಸ್ತಿ ಕೆಲಸಕ್ಕೆ ಬಂದದ್ದು ಒಂದು ಹಳೇ 55 ವ್ಯಾಟ್ ಹೆಡ್‌ಲೈಟ್ ಬಲ್ಬ್. ಅದರ ಕಥೆ ನಾಲ್ಕನೇ ದಿನಕ್ಕೆ.

ದಿನ 1

ಡ್ರೈವರ್ ಗಾಜು ಅರ್ಧಕ್ಕೆ ನಿಂತಿತ್ತು. ಮೋಡ ಕಟ್ಟುತ್ತಿತ್ತು. ಮೊದಲು ಗಾಜು ಮೇಲೆ ಬರಬೇಕಿತ್ತು. ಬಾಗಿಲು ತೆರೆದು, ಎರಡೂ ಅಂಗೈಗಳಿಂದ ಗಾಜನ್ನು ಒಳಗೂ ಹೊರಗೂ ಒತ್ತಿ ಹಿಡಿದು, ಮೇಲಕ್ಕೆ ತಳ್ಳುತ್ತಾ, ಮಗಳಿಗೆ ಸ್ವಿಚ್ ಎತ್ತಲು ಹೇಳಿದೆ. ಗಾಜು ಸರಕ್ಕನೆ ಏರಿತು. ನನ್ನ ಕೈಚಳಕ ಅಂತ ಹಿಗ್ಗಿದೆ. ಬಾಗಿಲು ಪೂರ್ತಿ ತೆರೆದಿತ್ತು ಅನ್ನುವುದನ್ನು ಗಮನಿಸಲೇ ಇಲ್ಲ. ಅಲ್ಲೇ ಗಮನಿಸಿದ್ದರೆ ಈ ದಿನಚರಿಯ ಅರ್ಧ ಭಾಗ ಇರುತ್ತಿರಲಿಲ್ಲ.

ಫ್ಯೂಸ್ ನೋಡಿದೆ. 30 ಆಂಪ್, ಹಸಿರು ಬಣ್ಣದ್ದು, ಸರಿ ಇತ್ತು. ಸ್ವಿಚ್ ಒತ್ತಿದಾಗಲೆಲ್ಲ ಡ್ಯಾಶ್ ಕೆಳಗಿನಿಂದ ರಿಲೇ (ಮೋಟಾರಿಗೆ ಕರೆಂಟ್ ಬಿಡುವ ವಿದ್ಯುತ್ ಸ್ವಿಚ್) ಟಿಕ್ ಅನ್ನುತ್ತಿತ್ತು. ಅಂದರೆ ಸ್ವಿಚ್ಚಿನ ಮಾತು ಕಿಟಕಿಗಳನ್ನು ನಡೆಸುವ ಕಂಟ್ರೋಲ್ ಯೂನಿಟ್ ತನಕ ತಲುಪುತ್ತಿದೆ. ಪರಿಚಯದ ಒಬ್ಬ ಮೆಕ್ಯಾನಿಕ್ ಫೋನಿನಲ್ಲೇ "ಯೂನಿಟ್ ಹೋಗಿದೆ, ಬದಲಿಸಿ" ಅಂದರು. ಟಿಕ್ ಸದ್ದು ಕೇಳಿದ ಮೇಲೆ ಆ ಮಾತು ನಂಬಲಿಲ್ಲ. ಇಡೀ ಕೆಲಸದಲ್ಲಿ ನಾನು ಮೊದಲ ಸಲಕ್ಕೇ ಸರಿಯಾಗಿ ತೀರ್ಮಾನಿಸಿದ್ದು ಇದೊಂದನ್ನೇ.

ರಾತ್ರಿ ದೀಪದ ಪರೀಕ್ಷೆ. ಎಂಜಿನ್ ಆಫ್, ಒಳಗಿನ ದೀಪ ಆನ್, ಕಿಟಕಿ ಸ್ವಿಚ್ ಒತ್ತಬೇಕು. ಮೋಟಾರ್ ಸಿಕ್ಕಿಹಾಕಿಕೊಂಡಿದ್ದರೆ ಕರೆಂಟ್ ಎಳೆಯುತ್ತದೆ, ದೀಪ ಮಂಕಾಗುತ್ತದೆ. ಕರೆಂಟೇ ಹೋಗದಿದ್ದರೆ ದೀಪ ಅಲುಗಾಡುವುದಿಲ್ಲ. ಪ್ಯಾಸೆಂಜರ್ ಕಿಟಕಿಗೆ ದೀಪ ಚೆನ್ನಾಗಿ ಮಂಕಾಯಿತು. ಡ್ರೈವರ್ ಕಿಟಕಿಗೆ ಏನೂ ಆಗಲಿಲ್ಲ. "ಮೋಟಾರಿನ ದಾರಿಯಲ್ಲಿ ಎಲ್ಲೋ ತುಂಡಾಗಿದೆ" ಅಂತ ಬರೆದುಕೊಂಡೆ. ಎಲ್ಲಿ ಅನ್ನುವುದನ್ನು ಊಹಿಸಿದೆ, ಹುಡುಕಲಿಲ್ಲ.

ದಿನ 2

ಬಾಗಿಲ ಪ್ಯಾನೆಲ್ ತೆಗೆಯುವ ದಿನ. ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಏರ್‌ಬ್ಯಾಗ್ ಚಾರ್ಜ್ ಇಳಿಯಲಿ ಅಂತ 15 ನಿಮಿಷ ಕಾದೆ. ಎಷ್ಟು ಹೊತ್ತು ಕಾಯಬೇಕು ಅನ್ನುವುದನ್ನು ಆಯಾ ಕಾರಿನ ಕೈಪಿಡಿಯಲ್ಲೇ ನೋಡಬೇಕು. ಬ್ಯಾಟರಿ ಬಿಚ್ಚಿದ ಮೇಲೆ ರೇಡಿಯೋ ಮತ್ತೆ ಹಾಡಲು ಕೋಡ್ ಬೇಕಾಗುವ ಕಾರಾದರೆ ಅದನ್ನು ಮೊದಲೇ ಹುಡುಕಿಟ್ಟುಕೊಳ್ಳಿ. ನಾನು ಹುಡುಕಿಟ್ಟುಕೊಂಡಿರಲಿಲ್ಲ. ಹತ್ತು ದಿನ ಮೌನದಲ್ಲೇ ಕಾರು ಓಡಿಸಿದೆ.

ಸ್ಕ್ರೂಗಳು ಮೂರು. ಒಂದು ಹಿಡಿಯ ಮುಚ್ಚಳದ ಹಿಂದೆ, ಒಂದು ಬಾಗಿಲು ತೆರೆಯುವ ಹ್ಯಾಂಡಲ್ ಬಟ್ಟಲಲ್ಲಿ, ಒಂದು ಅಂಚಿನ ಪುಟ್ಟ ಬಿರಡೆಯ ಕೆಳಗೆ. ಮೂರನೆಯದು ಕಾಣದೆ ಸುಮ್ನೆ ಎಳೆದೆ, ಪ್ಯಾನೆಲ್ ಮೂಲೆ ಬಿರುಕು ಬಿಟ್ಟಿತು. ಆಮೇಲೆ ಸುತ್ತಲಿನ ಒಂಬತ್ತು ಕ್ಲಿಪ್‌ಗಳು. ಮೂರು ಮುರಿದವು. ಹಳೇ ಪ್ಲಾಸ್ಟಿಕ್, ಬಿಸ್ಕತ್ತಿನ ಹಾಗೆ. ಕೆಲಸ ಶುರು ಮಾಡುವ ಮೊದಲೇ ಹತ್ತು ಕ್ಲಿಪ್ ತಂದಿಟ್ಟುಕೊಳ್ಳುವುದು ಒಳ್ಳೆಯದು. ಕ್ಲಿಪ್ ಬಿಟ್ಟ ಮೇಲೆ ಪ್ಯಾನೆಲನ್ನು ನಿಮ್ಮ ಕಡೆಗೆ ಎಳೆಯಬಾರದು, ಮೇಲಕ್ಕೆ ಎತ್ತಬೇಕು. ಮೇಲಿನ ಅಂಚು ಕಿಟಕಿಯ ತುಟಿಗೆ ಕೊಕ್ಕೆಯಂತೆ ಸಿಕ್ಕಿಕೊಂಡಿರುತ್ತದೆ.

ಒಳಗಿನ ಪ್ಲಾಸ್ಟಿಕ್ ಹಾಳೆಯ ಒಂದು ಮೂಲೆ ಬಿಡಿಸಿದೆ. ಬ್ಯಾಟರಿ ಮತ್ತೆ ಜೋಡಿಸಿ, ಮೋಟಾರಿನ ಪ್ಲಗ್ ಕಿತ್ತು, ಅದಕ್ಕೆ ಮೀಟರ್ ಹಿಡಿದು ಸ್ವಿಚ್ ಒತ್ತಿದೆ. 12.4 ವೋಲ್ಟ್. ಉಲ್ಟಾ ಒತ್ತಿದೆ. ಮೈನಸ್ 12.4. ಈ ಮೋಟಾರ್ ತಿರುಗುವ ದಿಕ್ಕು ಬದಲಾಗುವುದೇ ಪ್ಲಸ್ ಮೈನಸ್ ಅದಲು ಬದಲಾಗುವುದರಿಂದ. ಹಾಗಾಗಿ ಎರಡೂ ಸರಿ. ಕರೆಂಟ್ ಬರುತ್ತಿದೆ, ಮೋಟಾರ್ ತಿರುಗುತ್ತಿಲ್ಲ, ಮೋಟಾರ್ ಸತ್ತಿದೆ. ಕೇಳಲು ಚೆನ್ನಾಗಿದೆ ಅಲ್ವಾ? ಆದರೆ ಪೂರ್ತಿ ತಪ್ಪು.

ಆವತ್ತು ಮಾಡಿದ ಇನ್ನೊಂದು ಎಡವಟ್ಟು: ಏರ್‌ಬ್ಯಾಗಿನ ಹಳದಿ ಪ್ಲಗ್ ಬಿಚ್ಚಿಟ್ಟಿದ್ದಾಗಲೇ ಇಗ್ನಿಷನ್ ಹಾಕಿದೆ. ಡ್ಯಾಶ್‌ನಲ್ಲಿ ಏರ್‌ಬ್ಯಾಗ್ ದೀಪ ಹತ್ತಿತು. ಪ್ಲಗ್ ಮತ್ತೆ ಸಿಕ್ಕಿಸಿದರೂ ಆರಲಿಲ್ಲ. ಕೊನೆಗೆ ಸ್ಕ್ಯಾನರ್ ಇಟ್ಟು ಅಳಿಸಬೇಕಾಯಿತು. ಪರೀಕ್ಷೆಗೆ ಇಗ್ನಿಷನ್ ಬೇಕೆಂದರೆ ಬ್ಯಾಟರಿ ಬಿಚ್ಚಿ, ಹಳದಿ ಪ್ಲಗ್ ಸಿಕ್ಕಿಸಿ, ಪ್ಯಾನೆಲನ್ನು ಬಾಗಿಲಿಗೆ ಒರಗಿಸಿಟ್ಟು, ಆಮೇಲೆ ಬ್ಯಾಟರಿ ಜೋಡಿಸಿ. ಬೇಸರದ ಕೆಲಸ, ಆದರೆ ಬೇರೆ ದಾರಿ ಇಲ್ಲ.

ದಿನ 3

ಬಿಚ್ಚಿ ಮಾರುವ ಕಾರೊಂದರಿಂದ ಅದೇ ಮಾದರಿಯ ಮೋಟಾರ್ ತಂದೆ. ಎಡ ಬಲ ಮೋಟಾರ್‌ಗಳು ಕನ್ನಡಿಯಲ್ಲಿ ನೋಡಿದ ಹಾಗೆ ಉಲ್ಟಾ ಇರುತ್ತವೆ. ಮೊದಲು ಸಿಕ್ಕಿದ್ದು ಎಡದ್ದು, ವಾಪಸ್ ಕೊಟ್ಟು ಬಲದ್ದು ತರಬೇಕಾಯಿತು.

ಮೋಟಾರ್ ಬಿಚ್ಚುವ ಮೊದಲು ಗಾಜನ್ನು ಮೇಲಿನ ಚೌಕಟ್ಟಿಗೆ ಬಟ್ಟೆ ಟೇಪಿನಿಂದ ಕಟ್ಟಿ. ಗಾಜು ಜಾರದ ಹಾಗೆ ಹಿಡಿದಿರುವುದು ಮೋಟಾರಿನೊಳಗಿನ ವರ್ಮ್ ಗೇರ್, ಅಂದರೆ ತಿರುಪಿನ ಆಕಾರದ ಗೇರ್. ಮೋಟಾರ್ ಹೊರಬಂದರೆ ಗಾಜಿಗೆ ಆಸರೆ ಇಲ್ಲ. ಮೂರು ಟಿ25 ಸ್ಕ್ರೂ, ಒಂದು ಪ್ಲಗ್. ಹೊಸದು ಕೂರಿಸಲು 40 ನಿಮಿಷ. (ರೆಗ್ಯುಲೇಟರ್ ಅಂದರೆ ಬಾಗಿಲೊಳಗೆ ಗಾಜನ್ನು ಏರಿಸಿ ಇಳಿಸುವ ಸಾಧನ. ಕತ್ತರಿಯ ಹಾಗೆ ಮಡಚುವ ರೆಗ್ಯುಲೇಟರ್ ಇರುವ ಕಾರುಗಳಲ್ಲಿ ಇಷ್ಟು ಹಗುರಾಗಿ ಮೋಟಾರ್ ಬಿಚ್ಚಬೇಡಿ. ಅಲ್ಲಿ ಬಲವಾದ ಸ್ಪ್ರಿಂಗ್ ಇರುತ್ತದೆ. ಹಲ್ಲಿನ ಚಕ್ರ ಬಿಟ್ಟ ಕೂಡಲೇ ಕೈಗಳು ರಪ್ ಅಂತ ಮಡಚಿಕೊಳ್ಳುತ್ತವೆ, ನಡುವೆ ಬೆರಳಿದ್ದರೆ ಅಷ್ಟೇ.)

ಸ್ವಿಚ್ ಒತ್ತಿದೆ. ಗಾಜು ಇಳಿಯಿತು, ಏರಿತು. ಮೂರು ಸಲ ನೋಡಿದೆ. ಪ್ಯಾನೆಲ್ ಹಾಕಿ, ಕ್ಲಿಪ್ ಬಡಿದು, ಕೈ ತೊಳೆದು ಬಂದು ಕಾರಿನಲ್ಲಿ ಕುಳಿತೆ. ಬಾಗಿಲು ಮುಚ್ಚಿದೆ. ಸ್ವಿಚ್ ಒತ್ತಿದೆ.

ಟಿಕ್. ಅಷ್ಟೇ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಅದೇ ಕೆಲಸ. ಹಳೇ ಮೋಟಾರಿಗೆ ಬ್ಯಾಟರಿಯಿಂದ ನೇರ ಎರಡು ವೈರ್ ಮುಟ್ಟಿಸಿ ನೋಡಲು ಹತ್ತು ಸೆಕೆಂಡ್ ಸಾಕಿತ್ತು. ಆವತ್ತು ರಾತ್ರಿ ಮುಟ್ಟಿಸಿ ನೋಡಿದೆ. ಗಿರ್ರನೆ ತಿರುಗಿತು. ತಂದ ಮೋಟಾರಿಗಿಂತ ಸದ್ದು ಕಡಿಮೆ ಬೇರೆ.

ದಿನ 4

ಈ ದಿನವೇ ನಿಜವಾದ ಕೆಲಸ ಆದದ್ದು.

ಬಾಗಿಲು ತೆರೆದರೆ ಓಡುತ್ತದೆ, ಮುಚ್ಚಿದರೆ ನಿಲ್ಲುತ್ತದೆ. ಕೊನೆಗೂ ಅದು ಕಣ್ಣಿಗೆ ಬಿತ್ತು. ಹಾಗಿದ್ದರೆ ಮೊನ್ನೆ ಮೀಟರ್ 12.4 ತೋರಿಸಿದ್ದು ಯಾಕೆ? ಆಗ ಬಾಗಿಲು ಅರ್ಧ ಮುಚ್ಚಿತ್ತು, ಗಾಜು ಓಡುತ್ತಿರಲಿಲ್ಲ. ಮೀಟರ್ ತಾನಾಗಿ ಹೆಚ್ಚುಕಡಿಮೆ ಕರೆಂಟನ್ನೇ ಎಳೆಯುವುದಿಲ್ಲ. ವೈರಿನಲ್ಲಿ ಕೂದಲೆಳೆಯಷ್ಟು ತಾಮ್ರ ಉಳಿದಿದ್ದರೂ ಸಾಕು, ಪೂರ್ತಿ ವೋಲ್ಟೇಜ್ ತೋರಿಸುತ್ತದೆ. ಮೋಟಾರ್ ಹಾಗಲ್ಲ, ಅದಕ್ಕೆ ಐದು ಹತ್ತು ಆಂಪ್ ಬೇಕು. ಕೂದಲೆಳೆಯಲ್ಲಿ ಅಷ್ಟು ಹರಿಯುವುದಿಲ್ಲ.

ಹಾಗಾಗಿ ಹೆಡ್‌ಲೈಟ್ ಬಲ್ಬ್. 55 ವ್ಯಾಟ್ ಅಂದರೆ ಸುಮಾರು ನಾಲ್ಕೂವರೆ ಆಂಪ್. ಮೋಟಾರಿನ ಜಾಗದಲ್ಲಿ ಕೂರಿಸಲು ಸರಿಯಾದ ಭಾರ. ಬಲ್ಬಿಗೆ ಎರಡು ವೈರ್ ಬೆಸೆದು ಮೋಟಾರಿನ ಪ್ಲಗ್ಗಿಗೆ ಸಿಕ್ಕಿಸಿದೆ. ಒಳಗೆ ಕುಳಿತು ಬಾಗಿಲು ಮುಚ್ಚಿ ಸ್ವಿಚ್ ಒತ್ತಿದೆ. ಬಲ್ಬ್ ಕೆಂಡದ ಹಾಗೆ ಮಂಕಾಗಿ ಕೆಂಪಗಾಯಿತು. ಅದರ ತುದಿಯಲ್ಲಿ ಅಳೆದರೆ 3.1 ವೋಲ್ಟ್. ಸ್ವಿಚ್ ಒತ್ತಿ ಹಿಡಿದೇ ಬಾಗಿಲನ್ನು ಮೆಲ್ಲಗೆ ತೆರೆದೆ. ಅರ್ಧ ದಾಟುತ್ತಿದ್ದ ಹಾಗೆ ಬಲ್ಬ್ ಫಳ್ ಅಂತ ಬೆಳಗಿತು. ನೇರ ನೋಡುತ್ತಿದ್ದೆ, ಐದು ನಿಮಿಷ ಕಣ್ಣು ಕಾಣಲಿಲ್ಲ.

ಖಚಿತಕ್ಕೆ ಇನ್ನೊಂದು ಅಳತೆ. ಬಾಗಿಲು ಮುಚ್ಚಿ, ಬಲ್ಬ್ ಹಾಗೇ ಇಟ್ಟು, ಮೀಟರಿನ ಒಂದು ಕಡ್ಡಿ ಡ್ಯಾಶ್ ಕೆಳಗಿನ ಯೂನಿಟ್ ಪ್ಲಗ್ಗಿಗೆ, ಇನ್ನೊಂದು ಅದೇ ವೈರಿನ ಮೋಟಾರ್ ತುದಿಗೆ. ಒಂದೇ ವೈರಿನ ಎರಡು ತುದಿ, ಸರಿಯಾಗಿದ್ದರೆ ಸೊನ್ನೆಯ ಹತ್ತಿರ ಇರಬೇಕು. ಅರ್ಧ ವೋಲ್ಟ್ ದಾಟಿದರೆ ಅನುಮಾನ ಪಡಬೇಕು. ನನಗೆ ಸಿಕ್ಕಿದ್ದು 8.8. ಇನ್ನೊಂದು ವೈರಿನಲ್ಲಿ 0.2. ಅಂದರೆ ಬ್ಯಾಟರಿಯ ವೋಲ್ಟೇಜಿನಲ್ಲಿ ಸುಮಾರು ಮುಕ್ಕಾಲು ಪಾಲು ಒಂದೇ ವೈರಿನ ಹಾದಿಯಲ್ಲಿ ಸೋರಿಹೋಗುತ್ತಿತ್ತು. ಹಾದಿಯಲ್ಲಿ ಬಗ್ಗಿ ಏಳುವ ಜಾಗ ಒಂದೇ: ಬಾಗಿಲಿಗೂ ಅದು ತೂಗುವ ಕಾರಿನ ಕಂಬಕ್ಕೂ ನಡುವೆ ವೈರ್‌ಗಳು ಹಾದುಹೋಗುವ ರಬ್ಬರ್ ತೋಳು.

ತೋಳಿನ ಎರಡೂ ತುದಿ ಬಿಡಿಸಿ ಹಿಂದಕ್ಕೆ ಸರಿಸಿದೆ. ಹೊರಗೆ ಎಲ್ಲ ವೈರ್ ಇಡಿಯಾಗಿ ಕಂಡವು. ಒಂದೊಂದನ್ನೇ ಬೆರಳಲ್ಲಿ ಮೆಲ್ಲಗೆ ಎಳೆದೆ. ಮೋಟಾರಿನ ನೀಲಿ ವೈರ್ ಒಂದು ಕಡೆ ರಬ್ಬರಿನ ಹಾಗೆ ಹಿಗ್ಗಿತು. ತಾಮ್ರ ಇದ್ದರೆ ಹಿಗ್ಗುವುದಿಲ್ಲ. ಸಿಪ್ಪೆ ಸೀಳಿ ನೋಡಿದರೆ ಒಳಗೆ ಹಸಿರು ಕಿಲುಬು, ಹಿಡಿದುಕೊಂಡಿದ್ದ ಎಳೆಗಳು ಎರಡೋ ಮೂರೋ. ಸಿಪ್ಪೆ ಅಲ್ಲಿ ಸ್ವಲ್ಪ ಕಂದು ತಿರುಗಿತ್ತು, ಬಿಸಿಗೆ. ಪಕ್ಕದಲ್ಲಿ ಕನ್ನಡಿ ಹೊಂದಿಸುವ ಸಣ್ಣ ವೈರ್ ಪೂರ್ತಿ ತುಂಡು. ಬಲಗನ್ನಡಿ ಎರಡು ವರ್ಷದಿಂದ ಅಲುಗಾಡದ್ದು ಯಾಕೆ ಅಂತ ಆವತ್ತು ಗೊತ್ತಾಯಿತು.

ದಿನ 5

ಮೊದಲ ಬೆಸುಗೆ ಕೆಟ್ಟುಹೋಯಿತು. ಹೇಗೆ ಅಂತ ಹೇಳುತ್ತೇನೆ.

ತುಂಡಾದ ಜಾಗದಲ್ಲೇ ಎರಡು ತುದಿ ಸೇರಿಸಿ, ಸೀಸ ಹಾಕಿ ಬೆಸೆದು, ಮೇಲೆ ಕುಗ್ಗುವ ಕೊಳವೆ ಹಾಕಿದೆ. ಬಿರುಕು ಬಿಟ್ಟಿದ್ದ ಇನ್ನೂ ಎರಡು ವೈರ್‌ಗಳಿಗೂ ಅದೇ ಮಾಡಿದೆ. ನಾಲ್ಕೂ ಗಂಟು ಒಂದೇ ಜಾಗದಲ್ಲಿ. ದಪ್ಪ ಉಂಡೆಯಾಗಿ ರಬ್ಬರ್ ತೋಳಿನೊಳಗೆ ಹೋಗಲೇ ಇಲ್ಲ. ಒತ್ತಿ ತುರುಕಿದೆ. ಅದಲ್ಲದೆ ಹಳೇ ವೈರ್ ಕತ್ತರಿಸಿದ ಮೇಲೆ ಒಂದು ಸೆಂಟಿಮೀಟರ್ ಗಿಡ್ಡವಾಗಿತ್ತು. ಬಾಗಿಲು ಪೂರ್ತಿ ತೆರೆದರೆ ಬಿಗಿಯಾಗಿ ಎಳೆಯುತ್ತಿತ್ತು. ಸೀಸ ಕುಡಿದ ವೈರ್ ಕಡ್ಡಿಯ ಹಾಗೆ ಸೆಟೆದುಕೊಳ್ಳುತ್ತದೆ. ಸೆಟೆದದ್ದು ಮುಗಿಯುವ ಅಂಚಿನಲ್ಲೇ ಮತ್ತೆ ಬಗ್ಗುತ್ತದೆ, ಅಲ್ಲೇ ಮುರಿಯುತ್ತದೆ. ಬಾಗಿಲನ್ನು ಮೂವತ್ತು ಸಲ ತೆರೆದು ಮುಚ್ಚಿ ನೋಡಿದೆ. ಇಪ್ಪತ್ತರ ಹೊತ್ತಿಗೆ ಕನ್ನಡಿ ಮತ್ತೆ ನಿಂತಿತು.

ದಿನ 6

ಎಲ್ಲವನ್ನೂ ಕತ್ತರಿಸಿ ಎಸೆದೆ. ಈ ಸಲ ಬಗ್ಗುವ ಭಾಗದ ವೈರನ್ನೇ ಬದಲಿಸಿದೆ. ಮೋಟಾರಿನ ಎರಡಕ್ಕೂ 2.5 ಚದರ ಮಿ.ಮೀ. ದಪ್ಪದ, ಸಿಲಿಕೋನ್ ಸಿಪ್ಪೆಯ, ಸಣ್ಣ ಎಳೆಗಳ ಮೃದು ವೈರ್. ಕನ್ನಡಿಗೆ 0.75. ಒಂದೊಂದೂ 30 ಸೆಂ.ಮೀ. ಉದ್ದ. ತೋಳಿನ ಆಚೆ ಈಚೆ ಎರಡೂ ಕಡೆ ಹಳೇ ವೈರ್ ಗಟ್ಟಿಯಾಗಿರುವ ತನಕ ಹೋಗಿ ಜೋಡಿಸಿದೆ. ಕ್ರಿಂಪ್ ಮಾತ್ರ, ಸೀಸ ಇಲ್ಲ. ಜೋಡಣೆಗಳು ಒಂದರ ಪಕ್ಕ ಒಂದು ಬರದ ಹಾಗೆ ಮೂರು ಮೂರು ಸೆಂ.ಮೀ. ಹಿಂದೆ ಮುಂದೆ. ತೋಳಿನೊಳಗೆ ಒಂದೂ ಜೋಡಣೆ ಇಲ್ಲ. ಬಣ್ಣ ಬೇರೆ ಇದ್ದದ್ದರಿಂದ ಒಂದು ವೈರ್ ಮುಗಿಸಿದ ಮೇಲೇ ಇನ್ನೊಂದನ್ನು ಕತ್ತರಿಸಿದೆ. ಎಲ್ಲ ಒಟ್ಟಿಗೆ ಕತ್ತರಿಸಿದರೆ ಆಮೇಲೆ ಯಾವುದು ಯಾವುದಕ್ಕೆ ಅಂತ ತಲೆ ಚಚ್ಚಿಕೊಳ್ಳಬೇಕು.

ನಾಲ್ಕು ಗಂಟೆ ಹಿಡಿಯಿತು. ಕುತ್ತಿಗೆ ಹಿಡಿದದ್ದು ಬೇರೆ ಲೆಕ್ಕ. ಅದೇ ಬಲ್ಬ್, ಅದೇ ಅಳತೆ: ಬಾಗಿಲು ಮುಚ್ಚಿದಾಗ 0.2, ತೆರೆದಾಗ 0.2. ತಂದಿದ್ದ ಮೋಟಾರ್ ತೆಗೆದು ಹಳೇದನ್ನೇ ವಾಪಸ್ ಕೂರಿಸಿದೆ.

ದಿನ 7 ರಿಂದ 9

ಹಿಂದಿನ ಬಾಗಿಲು. ಇಲ್ಲಿ ಕಾಯಿಲೆ ಎದುರಿಗೇ ಕಾಣುತ್ತಿತ್ತು. ಗಾಜನ್ನು ಹಿಡಿಯುವ ಪ್ಲಾಸ್ಟಿಕ್ ಜಾರುಗ ಎರಡು ತುಂಡು, ಉಕ್ಕಿನ ಕೇಬಲ್ ಎಳೆ ಬಿಚ್ಚಿ ಮುಳ್ಳಾಗಿ ನಿಂತಿತ್ತು. ಕೈಗವಸು ಹಾಕದೆ ಮುಟ್ಟಬೇಡಿ. ನಾನು ಮುಟ್ಟಿದೆ.

ಇಡೀ ರೆಗ್ಯುಲೇಟರ್ ಯಾಕೆ ಬದಲಿಸಬೇಕು ಅಂತ ಜಿಪುಣತನ. ಜಾರುಗವನ್ನು ಎಪಾಕ್ಸಿಯಲ್ಲಿ ಅಂಟಿಸಿ, ಎರಡು ಜಿಪ್ ಟೈ ಬಿಗಿದೆ. ಗಾಜು ಓರೆಯಾಗಿ ಏರಿತು. ಎರಡನೇ ದಿನ ಅದೇ ಜಾಗ ಮತ್ತೆ ಮುರಿದು ಗಾಜು ಕೆಳಗೆ. ಎರಡು ಪದರದ ಗಾಜಿನ ಭಾರಕ್ಕೆ ಅಂಟು ನಿಲ್ಲುವುದಿಲ್ಲ. ಹೊಸ ರೆಗ್ಯುಲೇಟರ್ ತರಿಸಿದೆ.

ಹಳೇದನ್ನು ನಾಲ್ಕು ದಪ್ಪ ರಿವೆಟ್ ಹಿಡಿದಿದ್ದವು. ತಲೆಗಳನ್ನು 6.5 ಮಿ.ಮೀ. ಬಿಟ್‌ನಲ್ಲಿ ಕೊರೆದು ತೆಗೆದೆ. ನನ್ನ ಕೈ ರಿವೆಟರ್ 4.8 ಮಿ.ಮೀ. ದಾಟುವುದಿಲ್ಲ. ಹಾಗಾಗಿ ರಿವೆಟ್ ಬದಲು ಎಂ6 ಬೋಲ್ಟ್, ಅಗಲ ತಲೆಯ ನಟ್, ಸಡಿಲವಾಗದಿರಲು ಥ್ರೆಡ್‌ಲಾಕರ್. ಮೊದಲು ಹಾಕಿದ 25 ಮಿ.ಮೀ. ಬೋಲ್ಟಿನ ತುದಿ ಗಾಜಿನ ದಾರಿಗೆ ಅಡ್ಡ ಬಂತು. ಕೈಯಲ್ಲಿ ಗಾಜು ಇಳಿಸಿ ನೋಡಿದ್ದರಿಂದ ಕಿರ್ರ್ ಅಂದಾಗಲೇ ಗೊತ್ತಾಯಿತು. ಮೋಟಾರ್ ಓಡಿಸಿದ್ದರೆ ಗಾಜು ಹೋಗುತ್ತಿತ್ತು. 16 ಮಿ.ಮೀ. ಹಾಕಿದ ಮೇಲೆ ಸರಿಹೋಯಿತು.

ಗಾಜಿನ ಹಿಡಿಕೆಗಳ 10 ಮಿ.ಮೀ. ಬೋಲ್ಟ್‌ಗಳನ್ನು ಮೊದಲು ಸಡಿಲ ಬಿಟ್ಟು, ಗಾಜನ್ನು ತುದಿ ತನಕ ಏರಿಸಿ, ಚೌಕಟ್ಟಿನಲ್ಲಿ ಅದು ತಾನೇ ನೆಟ್ಟಗೆ ಕೂತ ಮೇಲೆ ಬಿಗಿ ಮಾಡಿದೆ. ಕೈಯಲ್ಲಿ ಬಿಗಿಯಾದಷ್ಟು, ಮೇಲೆ ಕಾಲು ಸುತ್ತು. ಜಾಸ್ತಿ ಬಿಗಿದರೆ ಗಾಜು ಬಿರಿಯುತ್ತದೆ.

ಕೊರೆದ ಕಬ್ಬಿಣದ ಪುಡಿಯನ್ನು ವ್ಯಾಕ್ಯೂಮ್‌ನಲ್ಲಿ ಎಳೆಯಲೇಬೇಕು. ಬಾಗಿಲ ತಳದ ತೂತುಗಳಲ್ಲಿ ಅದು ಕೂತರೆ ತುಕ್ಕು ಅಲ್ಲಿಂದಲೇ ಶುರು.

ದಿನ 10

ಮಳೆ ಬಂತು. ಹಿಂದಿನ ಕಾರ್ಪೆಟ್ ಒದ್ದೆ.

ತಪ್ಪು ನನ್ನದೇ. ಬಾಗಿಲೊಳಗಿನ ಪ್ಲಾಸ್ಟಿಕ್ ಹಾಳೆಯನ್ನು ಸೆಲ್ಲೋ ಟೇಪಿನಲ್ಲಿ ಅಂಟಿಸಿ ಮುಗಿಸಿದ್ದೆ. ಗಾಜಿನ ಮೇಲೆ ಬಿದ್ದ ನೀರು ಬಾಗಿಲೊಳಗೆ ಇಳಿಯುವುದು ಸಹಜ, ತಳದ ತೂತಿನಿಂದ ಹೊರಗೆ ಹೋಗುತ್ತದೆ. ಅದು ಕಾರಿನೊಳಗೆ ಬರದ ಹಾಗೆ ತಡೆಯುವುದು ಆ ಹಾಳೆ. ಪ್ಯಾನೆಲ್ ಮತ್ತೆ ತೆಗೆದೆ, ಇನ್ನೆರಡು ಕ್ಲಿಪ್ ಮುರಿದವು. ಹಳೇ ಕಪ್ಪು ಅಂಟನ್ನು ಉಂಡೆ ಮಾಡಿ ಕೆತ್ತಿ ತೆಗೆದು, ಹೊಸ ಬ್ಯೂಟೈಲ್ ಟೇಪ್ (ನೀರು ತಡೆಯುವ ಮೆತ್ತನೆಯ ರಬ್ಬರ್ ಅಂಟು) ಸುತ್ತಲೂ ಒಂದೇ ಎಳೆಯಾಗಿ ಹಾಕಿ ಒತ್ತಿದೆ. ಹಾಳೆಯ ತಳ ಬಾಗಿಲೊಳಗೆ ಸೇರಿರಬೇಕು, ನೀರನ್ನು ಕಾರಿನೊಳಕ್ಕೆ ಬಿಡಬಾರದು. ಕೆಲವು ಕಾರುಗಳಲ್ಲಿ ಪಕ್ಕದಿಂದ ಏನಾದರೂ ಡಿಕ್ಕಿ ಹೊಡೆದರೆ ಗುರುತಿಸುವ ಒತ್ತಡದ ಸೆನ್ಸರ್ ಬಾಗಿಲೊಳಗೇ ಇರುತ್ತದೆ. ಅಂಥ ಬಾಗಿಲನ್ನು ಸೀಲ್ ಮಾಡುವುದರಲ್ಲಿ ಇನ್ನೂ ಎಚ್ಚರ ಬೇಕು.

ದಿನ 11

ಕೊನೆಗೆ ಪ್ಯಾಸೆಂಜರ್ ಕಿಟಕಿ. ಇದಕ್ಕೆ ಏನನ್ನೂ ಬಿಚ್ಚಲಿಲ್ಲ. ಕೆಳಗಿನಿಂದ ಮೇಲೆ ಏರಲು 9 ಸೆಕೆಂಡ್, ಕೊನೆಯ ನಾಲ್ಕು ಬೆರಳಿನಷ್ಟು ದೂರ ಇರುವಾಗ ವಾಪಸ್. ಗಾಜು ಓಡುವ ರಬ್ಬರ್ ಕಾಲುವೆ ಒಣಗಿ, ಧೂಳು ಮೆತ್ತಿ ಮರಳು ಕಾಗದ ಆಗಿತ್ತು. ಯಾರದ್ದೋ ಕೈ ಸಿಕ್ಕಿದೆ ಅಂತ ಕಂಟ್ರೋಲ್ ಯೂನಿಟ್ ಅಂದುಕೊಂಡು ಗಾಜನ್ನು ಇಳಿಸುತ್ತಿತ್ತು. ತಾನೇ ಮುಚ್ಚುವ ಗಾಜು ಹಿಂದೆ ಸರಿಯುವ ಮೊದಲು 100 ನ್ಯೂಟನ್‌ಗಿಂತ ಜಾಸ್ತಿ ಒತ್ತಬಾರದು ಅನ್ನುವುದು ಅಮೆರಿಕ, ಯುರೋಪ್ ಎರಡೂ ಕಡೆಯ ನಿಯಮ. ಅಂದರೆ ಸುಮಾರು 10 ಕೆಜಿ ಭಾರ. ಒಣ ರಬ್ಬರ್ ಸುಲಭವಾಗಿ ಆ ಮಿತಿಯ ಹತ್ತಿರ ಕೊಂಡೊಯ್ಯುತ್ತದೆ.

ಚಪ್ಪಟೆ ಕಡ್ಡಿಗೆ ಒದ್ದೆ ಬಟ್ಟೆ ಸುತ್ತಿ ಕಾಲುವೆಯನ್ನು ಐದು ಸಲ ಉಜ್ಜಿದೆ. ಬಟ್ಟೆಯಲ್ಲಿ ಕಪ್ಪು ಕೆಸರು. ಒಣಗಿದ ಮೇಲೆ ಸಿಲಿಕೋನ್ ಸ್ಪ್ರೇ. ಎಂಜಿನ್ ಆಯಿಲ್, ಗ್ರೀಸ್ ಬೇಡ. ರಬ್ಬರ್ ಉಬ್ಬುತ್ತದೆ, ಧೂಳು ಇನ್ನೂ ಅಂಟುತ್ತದೆ. ಈಗ 5 ಸೆಕೆಂಡ್, ವಾಪಸ್ ಇಳಿಯುವುದಿಲ್ಲ.

ಬ್ಯಾಟರಿ ಬಿಚ್ಚಿದ್ದರಿಂದ ಒಂದೇ ಒತ್ತಿಗೆ ಏರುವುದು ನಾಲ್ಕರಲ್ಲೂ ಮರೆತುಹೋಗಿತ್ತು. ನನ್ನ ಕಾರಿನಲ್ಲಿ ಗಾಜನ್ನು ತುದಿಗೆ ಏರಿಸಿ ಸ್ವಿಚ್ಚನ್ನು 5 ಸೆಕೆಂಡ್ ಹಿಡಿದೇ ಇದ್ದರೆ ನೆನಪು ಮರಳುತ್ತದೆ. ನಾಲ್ಕಕ್ಕೂ ಒಂದೊಂದಾಗಿ ಮಾಡಿದೆ. ಅದು ಆಗುವ ತನಕ ಕೈ ಸಿಕ್ಕರೆ ಹಿಂದೆ ಸರಿಯುವ ರಕ್ಷಣೆಯೂ ಕೆಲಸ ಮಾಡದಿರಬಹುದು, ಮಕ್ಕಳನ್ನು ದೂರ ಇಡಿ. ಸರಿಯಾಯಿತೋ ಇಲ್ಲವೋ ನೋಡಲು ಸುರುಳಿ ಸುತ್ತಿದ ಟವೆಲ್ ಅಡ್ಡ ಇಟ್ಟೆ. ಮುಟ್ಟಿದ ಕೂಡಲೇ ನಾಲ್ಕೂ ಹಿಂದೆ ಸರಿದವು.

ಇದನ್ನು ಬರೆಯುವ ಹೊತ್ತಿಗೆ ಎರಡು ತಿಂಗಳಾಗಿದೆ. ಮೂರೂ ಕಿಟಕಿ ಓಡುತ್ತಿವೆ, ಬಲಗನ್ನಡಿಯೂ. ಒಡೆದ ಪ್ಯಾನೆಲ್ ಮೂಲೆ ಹಾಗೇ ಇದೆ. ಸುಮ್ಮನೆ ತಂದ ಮೋಟಾರ್ ಕಪಾಟಿನಲ್ಲಿದೆ, ಮೇಲೆ "ಬಲ, ಕೆಲಸ ಮಾಡುತ್ತದೆ" ಅಂತ ಚೀಟಿ ಅಂಟಿಸಿದ್ದೇನೆ. ಇಷ್ಟು ದಿನ ತಂಟೆ ಮಾಡದ ನಾಲ್ಕನೇ ಕಿಟಕಿ ಹೋದ ವಾರದಿಂದ ಕಟಕಟ ಅನ್ನುತ್ತಿದೆ. ಈ ಸಲ ರೆಗ್ಯುಲೇಟರ್ ಮತ್ತು ಹತ್ತು ಕ್ಲಿಪ್ ಮೊದಲೇ ತರಿಸಿಟ್ಟಿದ್ದೇನೆ.